ಒಂದು ಮಾತು ಬಿಟ್ಟಿದ್ದಕ್ಕೆ ಪಾದ್ರಿಯ ಹುದ್ದೆ ಹೋಯಿತೇ?

ಪ್ರಶ್ನೆ: ದೀಕ್ಷಾಸ್ನಾನದ ಪ್ರಾರ್ಥನೆಯಲ್ಲಿ ಒಂದು ಮಾತು ಬಿಟ್ಟಿದ್ದಕ್ಕೆ ಅಮೆರಿಕದಲ್ಲಿ ಒಬ್ಬ ಎಪಿಸ್ಕೋಪಲ್ ಪಾದ್ರಿಯನ್ನು ತೆಗೆದುಹಾಕಿದರಂತೆ, ಆಮೇಲೆ ಸಭೆಯೇ ಒಡೆಯಿತಂತೆ. ಇಷ್ಟು ಸಣ್ಣ ವಿಷಯಕ್ಕೆ ಹಾಗಾಗಲು ಸಾಧ್ಯವೇ?

ಉತ್ತರ: ಹುದ್ದೆ ಹೋಗಿದ್ದು ನಿಜ. ಸಭೆ ಒಡೆದಿದ್ದೂ ನಿಜ. ಆದರೆ ವಿಷಯ ಸಣ್ಣದಾಗಿರಲಿಲ್ಲ.

ಆ ಪಾದ್ರಿ ಚಾರ್ಲ್ಸ್ ಎಡ್ವರ್ಡ್ ಚೇನಿ, ಶಿಕಾಗೊದ ಕ್ರೈಸ್ಟ್ ಚರ್ಚಿನ ಸಭಾಪಾಲಕ. ಎಪಿಸ್ಕೋಪಲ್ ಸಭೆ ಎಂದರೆ ಆಂಗ್ಲಿಕನ್ ಸಭೆಯ ಅಮೆರಿಕದ ಕವಲು. ಅಲ್ಲಿ ಆರಾಧನೆ ನಡೆಸುವ ಪಾದ್ರಿ ತನಗೆ ತೋಚಿದಂತೆ ಪ್ರಾರ್ಥಿಸುವಂತಿರಲಿಲ್ಲ. ಪ್ರಾರ್ಥನಾ ಪುಸ್ತಕದಲ್ಲಿ ಇದ್ದದ್ದನ್ನೇ ಓದಬೇಕಿತ್ತು. ಮಗುವಿಗೆ ದೀಕ್ಷಾಸ್ನಾನ ಕೊಟ್ಟ ಕೂಡಲೇ, ಈ ಮಗು ಈಗ ಹೊಸದಾಗಿ ಹುಟ್ಟಿದೆ ಎಂಬ ಅರ್ಥದ ಮಾತು ಬರುತ್ತಿತ್ತು. ಚೇನಿ ಅದನ್ನು ಓದುತ್ತಿರಲಿಲ್ಲ.

ಅವರು ಇವ್ಯಾಂಜೆಲಿಕಲ್ ಗುಂಪಿನವರು. ಮನುಷ್ಯ ಹೊಸದಾಗಿ ಹುಟ್ಟುವುದು ನಂಬಿಕೆಯಿಂದ, ಮನಸ್ಸು ದೇವರ ಕಡೆ ತಿರುಗಿದಾಗ ಎಂಬುದು ಈ ಗುಂಪಿನ ನಿಲುವು. ಕೈಗೂಸಿನ ತಲೆಗೆ ನೀರು ಬಿದ್ದ ಕ್ಷಣವೇ ಅದು ಆಗಿಹೋಯಿತು ಎಂದು ಸಭೆಯ ಮುಂದೆ ಹೇಳುವುದು ಅವರ ಪಾಲಿಗೆ ಸುಳ್ಳಾಡಿದಂತೆ. ಎದುರು ಬಣವಾದ, ಸಂಸ್ಕಾರಗಳಿಗೆ ಹೆಚ್ಚು ಒತ್ತು ಕೊಡುವ ಹೈ ಚರ್ಚ್ ಗುಂಪಿನ ಮಾತೂ ಪೊಳ್ಳಲ್ಲ. ಸಂಸ್ಕಾರದ ಮೂಲಕ ಕೃಪೆ ಕೊಡುವವನು ದೇವರು, ಪಾದ್ರಿಯಲ್ಲ. ಕೊಡುತ್ತೇನೆಂದು ದೇವರೇ ಮಾತು ಕೊಟ್ಟಮೇಲೆ, ಕೊಟ್ಟಿದ್ದಾನೆ ಎಂದು ಹೇಳಲು ಹಿಂಜರಿಕೆ ಯಾಕೆ ಎಂದು ಅವರು ಕೇಳಿದರು. ಎರಡು ನಂಬಿಕೆ, ಬಾಯಲ್ಲಿ ಹೇಳಬೇಕಾದ್ದು ಮಾತ್ರ ಒಂದೇ ವಾಕ್ಯ. ಜಗಳ ಪುಸ್ತಕಗಳಲ್ಲಿ ನಿಲ್ಲದೆ ಆರಾಧನೆಯೊಳಗೇ ಬಂದದ್ದು ಇದರಿಂದಲೇ ಎಂದು ನನಗನ್ನಿಸುತ್ತದೆ.

ಈ ಜಗಳ ಚೇನಿಗಿಂತ ಹಳೆಯದು. 1833ರಿಂದ 1841ರವರೆಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಜಾನ್ ಹೆನ್ರಿ ನ್ಯೂಮನ್ ಎಂಬ ಆಂಗ್ಲಿಕನ್ ಪಾದ್ರಿ ಮತ್ತು ಗೆಳೆಯರು ಕಿರುಹೊತ್ತಿಗೆಗಳ ಸರಣಿ ಹೊರಡಿಸಿದರು. ಆಂಗ್ಲಿಕನ್ ಸಭೆಯ ಹಳೆಯ ಕ್ಯಾಥೊಲಿಕ್ ಬೇರನ್ನು ನೆನಪಿಸುವುದು ಅವರ ಉದ್ದೇಶ. ಅವು ಅಮೆರಿಕಕ್ಕೂ ಬಂದವು. ಒಹಾಯೊದ ಬಿಷಪ್ ಮ್ಯಾಕಿಲ್ವೇನ್ ಅವುಗಳ ವಿರುದ್ಧ ದೊಡ್ಡ ಗ್ರಂಥವನ್ನೇ ಬರೆದರು. 1843ರ ಜುಲೈ 2ರಂದು ನ್ಯೂಯಾರ್ಕಿನ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿ ಆರ್ಥರ್ ಕ್ಯಾರಿ ಎಂಬ ಯುವಕನಿಗೆ ಪಾದ್ರಿ ದೀಕ್ಷೆ ಕೊಡುವಾಗ, ಸ್ಮಿತ್ ಮತ್ತು ಆಂಥನ್ ಎಂಬ ಇಬ್ಬರು ಹಿರಿಯ ಪಾದ್ರಿಗಳು ಎದ್ದು ನಿಂತು ಆಕ್ಷೇಪ ಓದಿದರು. ಇವನ ನಂಬಿಕೆ ರೋಮನ್ ಕ್ಯಾಥೊಲಿಕ್ ಸಭೆಯ ಕಡೆ ವಾಲಿದೆ ಎಂಬುದು ದೂರು. ಬಿಷಪ್ ಆಂಡರ್‌ಡಾಂಕ್ ದೀಕ್ಷೆ ಕೊಟ್ಟೇಬಿಟ್ಟರು. ಮರುವರ್ಷವೇ ಆ ಹುಡುಗ ತೀರಿಕೊಂಡ. ಜಗಳ ಮಾತ್ರ ಉಳಿಯಿತು. 1852ರಲ್ಲಿ ನಾರ್ತ್ ಕ್ಯಾರೊಲೈನಾದ ಬಿಷಪ್ ಐವ್ಸ್ ರೋಮನ್ ಕ್ಯಾಥೊಲಿಕ್ ಆದಾಗ ಇವ್ಯಾಂಜೆಲಿಕಲರ ಭಯ ಇನ್ನೂ ಜಾಸ್ತಿಯಾಯಿತು.

ಈಗ ಚೇನಿಯ ವಿಷಯ. ಇಲಿನಾಯ್ ಬಿಷಪ್ ವೈಟ್‌ಹೌಸ್ 1869ರಲ್ಲಿ ಅವರನ್ನು ಸಭೆಯ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಮಾತು ಬಿಟ್ಟಿದ್ದಕ್ಕೆ ಸಿಕ್ಕ ಶಿಕ್ಷೆ ಅಮಾನತು ಅಷ್ಟೇ. ಚೇನಿ ತಲೆಬಾಗಲಿಲ್ಲ, ಆರಾಧನೆ ನಡೆಸುತ್ತಲೇ ಹೋದರು. ಆ ಅವಿಧೇಯತೆಗಾಗಿ 1871ರಲ್ಲಿ ಪಾದ್ರಿತನವನ್ನೇ ಕಿತ್ತುಕೊಂಡರು. ಸರ್ಕಾರಿ ಕೋರ್ಟಿನ ಮೆಟ್ಟಿಲೂ ಹತ್ತಿದ್ದಾಯಿತು. ಸಭೆಯ ಒಳಗಿನ ತೀರ್ಪನ್ನು ತಾನು ತಿದ್ದುವುದಿಲ್ಲ ಎಂದು ಇಲಿನಾಯ್ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಕ್ರೈಸ್ಟ್ ಚರ್ಚಿನ ಜನ ಅವರನ್ನು ಬಿಟ್ಟುಕೊಡಲಿಲ್ಲ.

ಅದೇ 1871ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ್ದ ಬಿಷಪ್ಪರು ಒಂದು ಹೇಳಿಕೆ ಹೊರಡಿಸಿದರು: ಆ ಮಾತಿನಿಂದ ಮಗುವಿನ ಒಳಗೆ ನೈತಿಕ ಬದಲಾವಣೆ ಆಗಿದೆ ಎಂದು ತೀರ್ಮಾನವಾಗುವುದಿಲ್ಲ. ಚೇನಿಯಂಥವರ ಮನಸ್ಸಿನ ಭಾರ ಇಳಿಸಲು ಬೇಕಿದ್ದದ್ದು ಇದೇ ಅಲ್ವಾ? ಎರಡು ವರ್ಷ ಮೊದಲೇ ಬಂದಿದ್ದರೆ ಎಂದು ನನಗೆ ಈಗಲೂ ಬೇಸರವಾಗುತ್ತದೆ.

ಒಡಕಿಗೆ ನೇರ ಕಾರಣ ಬೇರೆ. ಕೆಂಟಕಿಯ ಸಹಾಯಕ ಬಿಷಪ್ ಜಾರ್ಜ್ ಡೇವಿಡ್ ಕಮಿನ್ಸ್ 1873ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ, ಬಿಷಪ್ಪರಿಲ್ಲದ ಪ್ರೆಸ್ಬಿಟೇರಿಯನ್ ಸಭೆಯ ಚರ್ಚೊಂದರಲ್ಲಿ ಬೇರೆ ಸಭೆಯವರ ಜೊತೆ ಕರ್ತನ ಭೋಜನದಲ್ಲಿ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರದಲ್ಲಿ, ಸೇರಿದರು. ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದವರು ನಡೆಸುವ ಭೋಜನದಲ್ಲಿ ಬಿಷಪ್ಪರೊಬ್ಬರು ಪಾಲುಗೊಳ್ಳಬಹುದೇ ಎಂದು ಟೀಕೆ ಸುರಿಯಿತು. ನವೆಂಬರಿನಲ್ಲಿ ಅವರು ಹುದ್ದೆ ಬಿಟ್ಟರು. ಡಿಸೆಂಬರ್ 2ರಂದು ಬೆರಳೆಣಿಕೆಯ ಪಾದ್ರಿಗಳೊಂದಿಗೆ ರಿಫಾರ್ಮ್ಡ್ ಎಪಿಸ್ಕೋಪಲ್ ಸಭೆ ಕಟ್ಟಿದರು. ಅದೇ ತಿಂಗಳು ಚೇನಿ ಅಲ್ಲಿ ಬಿಷಪ್ ಆದರು.

ಏಟು ಒಂದೇ ಕಡೆಗೆ ಬಿತ್ತು ಎಂದುಕೊಳ್ಳಬೇಡಿ. 1874ರಲ್ಲಿ ಮೂಲ ಸಭೆ ಅತಿಯಾದ ಆಚರಣೆಗಳ ವಿರುದ್ಧ ನಿಯಮ ತಂದಿತು. ಅದನ್ನು ಬಲವಾಗಿ ವಿರೋಧಿಸಿದವರು ರಸೀನ್ ಕಾಲೇಜಿನ ಜೇಮ್ಸ್ ಡಿಕೋವನ್, ಭೋಜನದಲ್ಲಿ ಕ್ರಿಸ್ತ ನಿಜವಾಗಿ ಇದ್ದಾನೆ ಎಂದು ಎದೆ ತಟ್ಟಿ ಹೇಳಿದವರು. 1875ರಲ್ಲಿ ಅದೇ ಇಲಿನಾಯ್ ಅವರನ್ನು ಬಿಷಪ್ಪರಾಗಿ ಆರಿಸಿತು. ಉಳಿದ ಡಯಾಸಿಸ್‌ಗಳ, ಅಂದರೆ ಬೇರೆ ಬಿಷಪ್ಪರ ಪ್ರಾಂತಗಳ, ಒಪ್ಪಿಗೆ ಸಿಗಲಿಲ್ಲ.

ನಮ್ಮಲ್ಲಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿಗೆ ಈ ಕಥೆ ಪೂರ್ತಿ ದೂರದ್ದಲ್ಲ. 1886ರಲ್ಲಿ ಶಿಕಾಗೊದಲ್ಲೇ ಎಪಿಸ್ಕೋಪಲ್ ಬಿಷಪ್ಪರು ಸಭೆಗಳ ಐಕ್ಯಕ್ಕೆ ನಾಲ್ಕು ಆಧಾರ ಮುಂದಿಟ್ಟರು: ಬೈಬಲ್, ವಿಶ್ವಾಸಪ್ರಮಾಣಗಳು, ಎರಡು ಸಂಸ್ಕಾರಗಳು (ದೀಕ್ಷಾಸ್ನಾನ, ಕರ್ತನ ಭೋಜನ), ಬಿಷಪ್ ಪರಂಪರೆ. 1888ರಲ್ಲಿ ಲಂಡನ್ನಿನಲ್ಲಿ ಆಂಗ್ಲಿಕನ್ ಬಿಷಪ್ಪರು ಸೇರಿದ ಲ್ಯಾಂಬೆತ್ ಸಮ್ಮೇಳನ ಅವನ್ನು ಸ್ವಲ್ಪ ತಿದ್ದಿ ಒಪ್ಪಿತು. ದಕ್ಷಿಣ ಭಾರತದಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಸಭೆಗಳು ಮಾತುಕತೆಗೆ ಕೂತಾಗ ಈ ನಾಲ್ಕೇ ತಳಹದಿ. ಬಿಷಪ್ಪರಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಅಲ್ಲೂ ಎದುರಾಯಿತು. 1947ರ ಸೆಪ್ಟೆಂಬರಿನಲ್ಲಿ ಸಿಎಸ್‌ಐ ಹುಟ್ಟಿದಾಗ ಅಂಥವರಿಗೆ ಮತ್ತೆ ದೀಕ್ಷೆ ಕೊಡಲಿಲ್ಲ. ಇದ್ದಂತೆಯೇ ಸೇರಿಸಿಕೊಂಡರು.