ಅಪ್ಪ-ಅಮ್ಮನ ಮೆಡಿಕೇರ್: 65 ತುಂಬಿದರಷ್ಟೇ ಸಾಲದು

ಅಮೆರಿಕದಲ್ಲಿ ಮಕ್ಕಳ ಜೊತೆ ನೆಲೆಸಿರುವ ನಮ್ಮ ಹಿರಿಯರ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ: "65 ಆಯ್ತಲ್ಲ, ಇನ್ನು ಮೆಡಿಕೇರ್ ಬರುತ್ತೆ ಬಿಡಿ." ಮೆಡಿಕೇರ್ ಅಂದರೆ ಹಿರಿಯರಿಗಾಗಿ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆ. ನಮ್ಮ ಅತ್ತೆಯವರಿಗಾಗಿ ಓದಲು ಕೂತಾಗಲೇ ನನಗೂ ತಿಳಿದದ್ದು, ವಯಸ್ಸು ಮೊದಲ ಮೆಟ್ಟಿಲು ಮಾತ್ರ ಅಂತ. ಇದನ್ನೇ ಓದುತ್ತಿರುವ ಬೇರೆಯವರಿಗೂ ನೆರವಾಗಲಿ ಎಂದು ಬರೆದಿದ್ದೇನೆ. ಇಲ್ಲಿರುವ ಮೊತ್ತಗಳೆಲ್ಲ 2026ರವು. ಹೆಚ್ಚಿನವು ಪ್ರತಿ ಜನವರಿಗೂ ಬದಲಾಗುತ್ತವೆ.

ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ಸೇರಬಹುದೇ? ಸೇರಿದರೆ ಎಷ್ಟು ಕಟ್ಟಬೇಕು?

ಸೇರಲು 65 ತುಂಬಿರಬೇಕು. ಸ್ವಂತ ಅಥವಾ ಸಂಗಾತಿಯ ದುಡಿಮೆಯ ದಾಖಲೆ ಇಲ್ಲಿ ಇಲ್ಲದವರು ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇದ್ದು, ಅರ್ಜಿ ಹಾಕುವ ಮುಂಚಿನ 5 ವರ್ಷ ಸತತವಾಗಿ ಇಲ್ಲೇ ವಾಸವಾಗಿರಬೇಕು. 68ಕ್ಕೆ ಗ್ರೀನ್ ಕಾರ್ಡ್ ಪಡೆದು ಬಂದವರು 73ರವರೆಗೆ ಕಾಯಬೇಕು. ನಡುವೆ ಊರಿಗೆ ಹೋಗಿ ತಿಂಗಳುಗಟ್ಟಲೆ ಉಳಿದರೆ "ಸತತ" ಅನ್ನುವ ಮಾತಿಗೇ ಪ್ರಶ್ನೆ ಏಳಬಹುದು. ಹಳೇ ಪಾಸ್‌ಪೋರ್ಟು, ಟಿಕೆಟ್ಟು ಎಸೆಯಬೇಡಿ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಮೆಡಿಕೇರ್ ಇಲ್ಲ.

ಇನ್ನು ದುಡ್ಡಿನ ಮಾತು. ಅಮೆರಿಕದಲ್ಲಿ ಸುಮಾರು 10 ವರ್ಷ ದುಡಿದು, ಸಂಬಳದಿಂದ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿ 40 ಕ್ರೆಡಿಟ್ (ದುಡಿಮೆಯ ಲೆಕ್ಕದ ಅಂಕ) ಗಳಿಸಿದವರಿಗೆ ಪಾರ್ಟ್ ಎ, ಅಂದರೆ ಆಸ್ಪತ್ರೆ ವಿಮೆ, ಪ್ರೀಮಿಯಂ ಇಲ್ಲದೆ ಸಿಗುತ್ತದೆ. ಗಂಡನ ಕ್ರೆಡಿಟ್ ಹೆಂಡತಿಗೆ, ಹೆಂಡತಿಯದು ಗಂಡನಿಗೆ ಆಗುತ್ತದೆ. ಆದರೆ ಮಗ ಕೆಲಸ ಮಾಡಿ ಗಳಿಸಿದ ಕ್ರೆಡಿಟ್ ಅಪ್ಪ-ಅಮ್ಮನಿಗೆ ಆಗುವುದಿಲ್ಲ. ಊರಲ್ಲಿ 35 ವರ್ಷ ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದದ್ದೂ ಇಲ್ಲಿ ಲೆಕ್ಕಕ್ಕಿಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದ ನಿಯಮ. 30 ಕ್ರೆಡಿಟ್ ಕೂಡ ಇಲ್ಲದಿದ್ದರೆ ಪಾರ್ಟ್ ಎ ಗೆ ತಿಂಗಳಿಗೆ 565 ಡಾಲರ್. ಡಾಕ್ಟರ್, ಪರೀಕ್ಷೆ, ಸ್ಕ್ಯಾನಿಂಗ್ ನೋಡಿಕೊಳ್ಳುವ ಪಾರ್ಟ್ ಬಿ ಗೆ 202.90. ಪಾರ್ಟ್ ಬಿ ಗೆ ಬಹುತೇಕ ಎಲ್ಲರೂ ಕಟ್ಟಲೇಬೇಕು. ಎರಡೂ ಸೇರಿ ಒಬ್ಬರಿಗೆ 767.90, ದಂಪತಿಗೆ 1,535.80. ಅದೂ ಪ್ರತಿ ತಿಂಗಳು.

ಪಾರ್ಟ್ ಡಿ ಮಾತ್ರೆ-ಔಷಧಿಗೆ. ಪಟ್ಟಿಯಲ್ಲಿರುವ ಔಷಧಿಗಳಿಗೆ ವರ್ಷಕ್ಕೆ 2,100 ಡಾಲರ್ ಕೈಯಿಂದ ಹಾಕಿದ ಮೇಲೆ ಮತ್ತೆ ಕೊಡಬೇಕಾಗಿಲ್ಲ. ಪಾರ್ಟ್ ಸಿ ಅಂದರೆ ಮೆಡಿಕೇರ್ ಅಡ್ವಾಂಟೇಜ್, ಇವನ್ನೆಲ್ಲ ಖಾಸಗಿ ಕಂಪನಿಯ ಮೂಲಕ ಪಡೆಯುವ ದಾರಿ. ಅದರಲ್ಲಿ ಸಾಮಾನ್ಯವಾಗಿ ಅವರ ನೆಟ್‌ವರ್ಕಿನ, ಅಂದರೆ ಆ ಕಂಪನಿಯ ಜೊತೆ ಒಪ್ಪಂದವಿರುವ ಡಾಕ್ಟರನ್ನೇ ನೋಡಬೇಕು.

ಈಗ ಒಂದು ಬಿಲ್ ಬಿಡಿಸೋಣ. ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಅಂದುಕೊಳ್ಳಿ. ಎ, ಬಿ ಎರಡೂ ಇವೆ, ಬೇರೇನೂ ಇಲ್ಲ. ಆಸ್ಪತ್ರೆಯಲ್ಲಿ 5 ದಿನ ದಾಖಲು: ಪಾರ್ಟ್ ಎ ಡಿಡಕ್ಟಿಬಲ್, ಅಂದರೆ ವಿಮೆ ಕೊಡಲು ಶುರುಮಾಡುವ ಮುಂಚೆ ನಾವೇ ಹಾಕಬೇಕಾದ ಮೊತ್ತ, 1,736 ಡಾಲರ್. ಸರ್ಜನ್ ಫೀ ಮೆಡಿಕೇರ್ ಒಪ್ಪಿದ ದರದಲ್ಲಿ 3,000 ಎಂದಿಟ್ಟುಕೊಳ್ಳಿ. ಪಾರ್ಟ್ ಬಿ ಡಿಡಕ್ಟಿಬಲ್ ಆಗಿ ಮೊದಲ 283 ಅಜ್ಜಿಯದು, ಉಳಿದ 2,717ರಲ್ಲಿ ಶೇ 20, ಅಂದರೆ 543.40. ಆಮೇಲೆ ನಡಿಗೆ ಕಲಿಸುವ ನರ್ಸಿಂಗ್ ಕೇಂದ್ರದಲ್ಲಿ 30 ದಿನ. ಮೊದಲ 20 ದಿನಕ್ಕೆ ಏನೂ ಇಲ್ಲ, ಮುಂದಿನ 10 ದಿನಕ್ಕೆ ದಿನಕ್ಕೆ 217ರಂತೆ 2,170. ಒಟ್ಟು 4,732.40. ಆ ಶೇ 20ಕ್ಕೆ ಮೇಲ್ಮಿತಿಯೇ ಇಲ್ಲ ಅನ್ನುವುದನ್ನು ಗಮನಿಸಿ. ಕ್ಯಾನ್ಸರ್ ಚಿಕಿತ್ಸೆಯಂಥದ್ದು ಬಂದರೆ ಅದೇ ದೊಡ್ಡ ಹೊರೆ.

ಇದೇ ಲೆಕ್ಕದಲ್ಲಿ ಒಂದು ಗುಂಡಿ ಇದೆ. ನರ್ಸಿಂಗ್ ಕೇಂದ್ರಕ್ಕೆ ಮೆಡಿಕೇರ್ ದುಡ್ಡು ಕೊಡಬೇಕಾದರೆ ಆಸ್ಪತ್ರೆಯಲ್ಲಿ ಸತತ 3 ದಿನ "ಇನ್‌ಪೇಷಂಟ್", ಅಂದರೆ ದಾಖಲಾದ ಒಳರೋಗಿ, ಆಗಿರಬೇಕು. ಬಿಡುಗಡೆಯಾದ ದಿನ ಲೆಕ್ಕಕ್ಕಿಲ್ಲ. ಅದೇ ಹಾಸಿಗೆ, ಅದೇ ಡ್ರಿಪ್ಪು, ಅದೇ ನರ್ಸು ಇದ್ದರೂ ಕಾಗದದಲ್ಲಿ "ಅಬ್ಸರ್ವೇಷನ್" (ದಾಖಲು ಮಾಡಿಕೊಳ್ಳದೆ ನಿಗಾದಲ್ಲಿ ಇಟ್ಟದ್ದು) ಅಂತ ಬರೆದಿದ್ದರೆ ಆ ದಿನಗಳು ಎಣಿಕೆಗೆ ಬರುವುದಿಲ್ಲ. 24 ಗಂಟೆ ಮೀರಿ ಹಾಗೆ ಇಟ್ಟರೆ ಆಸ್ಪತ್ರೆ ಒಂದು ನೋಟಿಸ್ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತದೆ. ಇಂಗ್ಲಿಷ್ ಕಾಗದ ಅಂತ ಹಿರಿಯರು ಸುಮ್ನೆ ಸಹಿ ಹಾಕಿಬಿಡುತ್ತಾರೆ. ಜೊತೆಗಿರುವವರು ದಿನಾ ಕೇಳಿ: "ಅಮ್ಮ ಇನ್‌ಪೇಷಂಟಾ, ಅಬ್ಸರ್ವೇಷನ್ನಾ?" ಇಷ್ಟು ಕೇಳುವುದಕ್ಕೆ ಸಂಕೋಚ ಬೇಡ.

ಮೆಡಿಗ್ಯಾಪ್ ಅನ್ನುವ ಪೂರಕ ವಿಮೆ ಆ ಶೇ 20ರ ಹೊರೆ ಹೊರುತ್ತದೆ. 65 ದಾಟಿ ಪಾರ್ಟ್ ಬಿ ಶುರುವಾದ ಮೊದಲ 6 ತಿಂಗಳಲ್ಲಿ ತಗೊಂಡರೆ ಸಕ್ಕರೆ ಕಾಯಿಲೆ, ಬಿಪಿ ಇದೆ ಅಂತ ಕಂಪನಿ ತಿರಸ್ಕರಿಸುವಂತಿಲ್ಲ. ಆಮೇಲೆ ಬಹುತೇಕ ರಾಜ್ಯಗಳಲ್ಲಿ ಆ ರಕ್ಷಣೆ ಇಲ್ಲ. ಈ 6 ತಿಂಗಳು ಬಹಳ ಬೆಲೆಬಾಳುವ ಸಮಯ.

ಹೆಸರು ನೋಂದಾಯಿಸಲು 7 ತಿಂಗಳು ಸಿಗುತ್ತದೆ: 65 ತುಂಬುವ ತಿಂಗಳು, ಅದರ ಹಿಂದಿನ 3, ಮುಂದಿನ 3. 5 ವರ್ಷದ ವಾಸಕ್ಕಾಗಿ ಕಾದವರಿಗೆ ಅದು ಮುಗಿಯುವ ತಿಂಗಳಿನ ಸುತ್ತ ಈ ಲೆಕ್ಕ. ಈ 7 ತಿಂಗಳು ತಪ್ಪಿಹೋದರೆ ಪ್ರತಿ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ ಅವಕಾಶ. ಸ್ವಂತ ಅಥವಾ ಸಂಗಾತಿಯ ನೌಕರಿಯ ವಿಮೆ ಇದ್ದವರಿಗೆ ಈ ಗಡುವಿನಿಂದ ವಿನಾಯಿತಿ ಇದೆ. ಮಗನ ಕಂಪನಿಯ ವಿಮೆಗೆ ಅದು ಅನ್ವಯಿಸುವುದಿಲ್ಲ.

ಕೊನೆಗೆ ಊರಿನ ವಿಷಯ. ಭಾರತದಲ್ಲಿ ಪಡೆದ ಚಿಕಿತ್ಸೆಗೆ ಮೆಡಿಕೇರ್ ದುಡ್ಡು ಕೊಡುವುದಿಲ್ಲ. ಪ್ಲಾನ್ ಜಿ ಯಂಥ ಕೆಲವು ಮೆಡಿಗ್ಯಾಪ್‌ಗಳು ಪ್ರವಾಸದ ಮೊದಲ 60 ದಿನದ ತುರ್ತು ಚಿಕಿತ್ಸೆಗೆ, 250 ಡಾಲರ್ ಕಳೆದು ಶೇ 80 ಕೊಡುತ್ತವೆ. ಜೀವಮಾನಕ್ಕೆ ಮಿತಿ 50,000 ಡಾಲರ್. "ಎರಡು ವರ್ಷ ಮೈಸೂರಲ್ಲೇ ಇರ್ತೀವಲ್ಲ, ಸುಮ್ನೆ ಯಾಕೆ ಕಟ್ಟೋದು" ಅಂತ ಪಾರ್ಟ್ ಬಿ ನಿಲ್ಲಿಸುವವರಿದ್ದಾರೆ. ವಾಪಸ್ ಬಂದು ಸೇರುವಾಗ ಪೂರ್ತಿ ಕಳೆದ ಪ್ರತಿ 12 ತಿಂಗಳಿಗೆ ಶೇ 10 ದಂಡ ಸೇರುತ್ತದೆ. ಎರಡು ವರ್ಷಕ್ಕೆ ಈಗಿನ ದರದಲ್ಲಿ ತಿಂಗಳಿಗೆ ಸುಮಾರು 40 ಡಾಲರ್ ಜಾಸ್ತಿ, ಪಾರ್ಟ್ ಬಿ ಇರುವವರೆಗೂ.