ವೆಕೇಟೆಡ್ ವಿನ್: ಗೆದ್ದವರ ಗೆಲುವು ಹೋಯಿತು, ಸೋತವರ ಸೋಲು ಉಳಿಯಿತು

ವೆಕೇಟ್ ಅನ್ನುವ ಮಾತು ನಮಗೆ ಹೊಸದಲ್ಲ. ಓನರ್ ಬಂದು ಮನೆ ವೆಕೇಟ್ ಮಾಡಿ ಅನ್ನುತ್ತಾರೆ. ಕೋರ್ಟಿನಲ್ಲಿ ಸ್ಟೇ ವೆಕೇಟ್ ಆಗುತ್ತದೆ, ಮಾರನೇ ದಿನ ಪೇಪರಿನಲ್ಲಿ 'ತಡೆಯಾಜ್ಞೆ ತೆರವು' ಎಂದು ಬರುತ್ತದೆ. ಆದರೆ ಆಡಿ, ಬೆವರು ಹರಿಸಿ, ಜನರ ಕಣ್ಣೆದುರೇ ಗೆದ್ದ ಮ್ಯಾಚನ್ನು ವೆಕೇಟ್ ಮಾಡುವುದು ಅಂದರೇನು? ಅಮೆರಿಕದ ಕಾಲೇಜು ಫುಟ್‌ಬಾಲ್ ಸುದ್ದಿ ಓದುವವರಿಗೆ 'ವೆಕೇಟೆಡ್ ವಿನ್' ಆಗಾಗ ಎದುರಾಗುತ್ತದೆ. ಕನ್ನಡದಲ್ಲಿ 'ತೆರವಾದ ಗೆಲುವು' ಎನ್ನೋಣ.

ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ಎರಡೂ ತುದಿ ಚೂಪಾದ ಚೆಂಡು, ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಪ್ಯಾಡು ಇರುವ ಆಟ. ಕಾಲೇಜು ಹುಡುಗರ ಆಟ ತಾನೇ ಎಂದು ಸದರ ಮಾಡುವ ಹಾಗೂ ಇಲ್ಲ. ಕೊಲಂಬಸ್ ನಗರದಲ್ಲಿರುವ ಓಹಾಯೊ ಸ್ಟೇಟ್ ಯೂನಿವರ್ಸಿಟಿಯ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಜನ ಕೂರುತ್ತಾರೆ. ಎರಡು ಚಿನ್ನಸ್ವಾಮಿ ಸ್ಟೇಡಿಯಂ ತುಂಬಿಸಿದರೂ ಅಷ್ಟು ಜನ ಆಗುವುದಿಲ್ಲ.

ಈಗ ಪದಕ್ಕೆ ಬರೋಣ. ಕಾಲೇಜು ಆಟಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ. ಆಡುವ ಅರ್ಹತೆ ಕಳೆದುಕೊಂಡ ಹುಡುಗನನ್ನು ತಂಡ ಆಡಿಸಿತ್ತು ಎಂದು ಆಮೇಲೆ ಗೊತ್ತಾದರೆ, ಆ ಗೆಲುವುಗಳನ್ನು ದಾಖಲೆಯಿಂದ ತೆಗೆಯಬಹುದು. ಸಂಸ್ಥೆ ಹೇಳುವ ಮೊದಲೇ ಕಾಲೇಜು ತಾನಾಗಿಯೂ ತೆಗೆಯಬಹುದು. ತಮಾಷೆ ಇರುವುದು ಮುಂದೆ. ಗೆದ್ದವರ ಗೆಲುವು ಹೋಗುತ್ತದೆ, ಆದರೆ ಸೋತವರಿಗೆ ಅದು ಸಿಗುವುದಿಲ್ಲ. ಅವರ ಸೋಲು ಹಾಗೇ ಇರುತ್ತದೆ. ಅಂದರೆ ಒಬ್ಬರು ಸೋತಿದ್ದಾರೆ, ಆದರೆ ಅವರನ್ನು ಸೋಲಿಸಿದವರು ಯಾರೂ ಇಲ್ಲ!

ಫೋರ್ಫಿಟ್ ಬೇರೆ. 2006ರಲ್ಲಿ ಓವಲ್ ಟೆಸ್ಟಿನಲ್ಲಿ ಪಾಕಿಸ್ತಾನ ಮೈದಾನಕ್ಕೆ ಇಳಿಯದೆ ಕೂತಾಗ ಪಂದ್ಯ ಇಂಗ್ಲೆಂಡಿನದಾಯಿತು. ಅಲ್ಲಿ ಗೆಲುವು ಕೈ ಬದಲಾಗುತ್ತದೆ. ಇಲ್ಲಿ ಅದು ಯಾರ ಕೈಗೂ ಹೋಗದೆ ಮಾಯವಾಗುತ್ತದೆ.

ಈ ಪದದ ರುಚಿ ಸರಿಯಾಗಿ ಗೊತ್ತಾಗಬೇಕಾದರೆ ಜಿಮ್ ಟ್ರೆಸೆಲ್ ಕಥೆ ತಿಳಿದಿರಬೇಕು. 2001ರ ಜನವರಿಯಲ್ಲಿ ಓಹಾಯೊ ಸ್ಟೇಟ್‌ಗೆ ಕೋಚ್ ಆಗಿ ಬಂದರು. ಅವರ ಹಿಂದಿನ ಕೋಚ್ ಜಾನ್ ಕೂಪರ್, ಜನ್ಮದ ವೈರಿ ಮಿಷಿಗನ್ ಎದುರು 13 ಪಂದ್ಯ ಆಡಿ ಗೆದ್ದದ್ದು ಬರೀ 2. ಟ್ರೆಸೆಲ್ ಬಂದ ಹೊಸತರಲ್ಲೇ, ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಸೇರಿದ್ದ ಜನರ ಮುಂದೆ ಮೈಕ್ ಹಿಡಿದು, ಇನ್ನು 310 ದಿನಕ್ಕೆ ಮಿಷಿಗನ್ ಊರಿನಲ್ಲಿ ನಮ್ಮ ಹುಡುಗರನ್ನು ನೋಡಿ ನೀವು ಹೆಮ್ಮೆ ಪಡುತ್ತೀರಿ ಎಂದರು. ಹೇಳಿದ ದಿನ ಗೆದ್ದೂ ಬಿಟ್ಟರು. ಮಾರನೇ ವರ್ಷ ರಾಷ್ಟ್ರೀಯ ಚಾಂಪಿಯನ್ ಪಟ್ಟ. ಶರ್ಟಿನ ಮೇಲೆ ತೋಳಿಲ್ಲದ ಸ್ವೆಟರ್ ಹಾಕಿ ಟೈ ಕಟ್ಟುವ ಈ ಮೇಷ್ಟ್ರು ಊರಿಗೆ ದೇವರಾದರು. ಆ ಸ್ವೆಟರ್ ಕೂಡ ಅಭಿಮಾನಿಗಳಿಗೆ ಯೂನಿಫಾರಂ ಆಯಿತು.

ಓಹಾಯೊ ಸ್ಟೇಟ್‌ನಲ್ಲಿ ಒಂದು ಪದ್ಧತಿ ಇದೆ. ಮಿಷಿಗನ್ ವಿರುದ್ಧ ಗೆದ್ದ ವರ್ಷ ಪ್ರತಿ ಆಟಗಾರನಿಗೂ 'ಗೋಲ್ಡ್ ಪ್ಯಾಂಟ್ಸ್' ಕೊಡುತ್ತಾರೆ. ಚಡ್ಡಿಯ ಆಕಾರದ ಪುಟ್ಟ ಬಂಗಾರದ ಬಣ್ಣದ ಪದಕ, ಕತ್ತಿನ ಸರಕ್ಕೆ ಹಾಕಿಕೊಳ್ಳುವಷ್ಟು ಚಿಕ್ಕದು. 1934ರಲ್ಲಿ ಅಂದಿನ ಕೋಚ್, ಮಿಷಿಗನ್‌ನವರೂ ನಮ್ಮ ಹಾಗೇ ಒಂದೊಂದೇ ಕಾಲು ತೂರಿಸಿ ಪ್ಯಾಂಟು ಹಾಕಿಕೊಳ್ಳುವವರು ಎಂದದ್ದರಿಂದ ಶುರುವಾದದ್ದು. ನಮ್ಮ ಕಡೆ ಆಗಿದ್ದರೆ 'ಅವರೇನು ಮೇಲಿಂದ ಇಳಿದು ಬಂದವರಾ' ಅನ್ನುತ್ತಿದ್ದೆವು.

ಈ ಪುಟ್ಟ ಚಡ್ಡಿಗಳೇ ಮುಳುವಾದವು. ಕ್ವಾರ್ಟರ್‌ಬ್ಯಾಕ್, ಅಂದರೆ ಮೈದಾನದಲ್ಲಿ ತಂಡದ ದಾಳಿ ನಡೆಸುವ ಆಟಗಾರ, ಟೆರೆಲ್ ಪ್ರೈಯರ್ ಮತ್ತು ಇನ್ನೂ ನಾಲ್ಕು ಹುಡುಗರು ತಮಗೆ ಬಂದ ಪದಕ, ಉಂಗುರ, ಜೆರ್ಸಿಗಳನ್ನು ಕೊಲಂಬಸ್‌ನ ಟ್ಯಾಟೂ ಅಂಗಡಿಯವನಿಗೆ ಕೊಟ್ಟು ದುಡ್ಡು ಪಡೆದರು, ರಿಯಾಯಿತಿಯಲ್ಲಿ ಹಚ್ಚೆ ಹಾಕಿಸಿಕೊಂಡರು. ಅವರದೇ ವಸ್ತು, ಅವರೇ ಮಾರಿದ್ದು. ಆದರೆ ಆಗಿನ ನಿಯಮದ ಪ್ರಕಾರ ಆಟದ ಹೆಸರಿನಲ್ಲಿ ಒಂದು ಕಾಸೂ ಗಳಿಸುವ ಹಾಗಿರಲಿಲ್ಲ. ಆಮೇಲೆ ಪ್ರೈಯರ್‌ಗೆ ದಾನಕ್ಕೆ ಕಟ್ಟಲು ಹೇಳಿದ ಮೊತ್ತ 2,500 ಡಾಲರ್. ಲಕ್ಷ ಜನ ಟಿಕೆಟ್ ಕೊಂಡು ಬರುವ ಆಟದಲ್ಲಿ ಅದು ಪುಡಿಗಾಸು, ಅಲ್ವಾ?

ಹುಡುಗರ ತಪ್ಪು ನನಗೆ ದೊಡ್ಡದಾಗಿ ಕಾಣುವುದಿಲ್ಲ. ಮೇಷ್ಟ್ರದು ಕಾಣುತ್ತದೆ. 2010ರ ಏಪ್ರಿಲ್‌ನಲ್ಲೇ ವಕೀಲರೊಬ್ಬರು ಟ್ರೆಸೆಲ್‌ಗೆ ಮೇಲ್ ಮಾಡಿ ಈ ವ್ಯವಹಾರ ತಿಳಿಸಿದ್ದರು. ಟ್ರೆಸೆಲ್ ಕಾಲೇಜಿಗೆ ಹೇಳಲಿಲ್ಲ. ಅಂಗಡಿಯವನ ಮೇಲೆ ಡ್ರಗ್ಸ್ ತನಿಖೆ ನಡೆಯುತ್ತಿತ್ತು, ಅದಕ್ಕೇ ಬಾಯಿ ಬಿಡಲಿಲ್ಲ ಎಂದರು ಆಮೇಲೆ. ಆದರೆ ಪ್ರೈಯರ್‌ನ ಊರಿನ ಹಿತೈಷಿಯೊಬ್ಬರಿಗೆ ಮಾತ್ರ ಆ ಮೇಲ್ ಕಳಿಸಿದ್ದರು. ಸೆಪ್ಟೆಂಬರ್‌ನಲ್ಲಿ, ನಿಯಮ ಮುರಿದ ಯಾವ ಸಂಗತಿಯೂ ನನಗೆ ಗೊತ್ತಿಲ್ಲ ಎಂಬ ಫಾರಂಗೆ ಸಹಿ ಹಾಕಿದರು. ಗೊತ್ತಿದ್ದೂ ಆ ಹುಡುಗರನ್ನು ಇಡೀ ವರ್ಷ ಆಡಿಸಿದರು.

2011ರ ಮಾರ್ಚ್‌ನಲ್ಲಿ ಮೇಲ್‌ಗಳ ವಿಷಯ ಹೊರಬಂತು. ಕೋಚನ್ನು ತೆಗೆಯುತ್ತೀರಾ ಎಂದು ಪತ್ರಕರ್ತರು ಕೇಳಿದರೆ ಯೂನಿವರ್ಸಿಟಿ ಅಧ್ಯಕ್ಷ ಗಾರ್ಡನ್ ಗೀ, ಕೋಚೇ ನನ್ನನ್ನು ತೆಗೆಯದಿದ್ದರೆ ಸಾಕು ಎಂದು ನಕ್ಕರು. ಊರಲ್ಲಿ ಯಾರು ದೊಡ್ಡವರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮೇ 30ಕ್ಕೆ ಟ್ರೆಸೆಲ್ ರಾಜೀನಾಮೆ ಕೊಟ್ಟರು.

ಆ ಜುಲೈನಲ್ಲಿ ಕಾಲೇಜು 2010ರ ಋತುವಿನ ಎಲ್ಲಾ ಗೆಲುವು ತೆರವು ಮಾಡಿತು. ಲೆಕ್ಕ ನೋಡಿ. ಆ ವರ್ಷ 13 ಪಂದ್ಯ ಆಡಿ 12 ಗೆದ್ದಿದ್ದರು, ವಿಸ್ಕಾನ್ಸಿನ್ ಎದುರು ಒಂದು ಸೋತಿದ್ದರು. 12 ಗೆಲುವು ಹೋಯಿತು, ಸೋಲಿಗೆ ಕೈ ಹಚ್ಚುವಂತಿಲ್ಲ. ಉಳಿದದ್ದು: ಗೆಲುವು 0, ಸೋಲು 1. ದಾಖಲೆ ಪುಸ್ತಕದ ಪ್ರಕಾರ ಆ ತಂಡ ವರ್ಷಪೂರ್ತಿ ಒಂದೇ ಒಂದು ಮ್ಯಾಚ್ ಆಡಿದೆ, ಅದನ್ನೂ ಸೋತಿದೆ. ಅದೇ ವರ್ಷ 37-7ರಲ್ಲಿ ಪೆಟ್ಟು ತಿಂದ ಮಿಷಿಗನ್‌ಗೆ ಮಾತ್ರ ಆ ಸೋಲು ಇವತ್ತಿಗೂ ಸೋಲೇ.

ಅಭಿಮಾನಿಗಳು ಇದನ್ನು ಒಪ್ಪಿದರಾ? ಎಲ್ಲಿಂದ ಬಂತು. ರಾಜೀನಾಮೆ ಆದ ಮೇಲೆ ಒಂದು ಗುಂಪು ಅವರ ಮನೆ ಮುಂದೆ ಸೇರಿ ಜೈಕಾರ ಹಾಕಿತು. ಮೋಸ ಮಾಡಿದರು ಎಂದು ಮನಸ್ಸು ಮುರಿದುಕೊಂಡವರೂ ಇದ್ದರು, ಸುಮ್ನೆ ಎಲ್ಲರೂ ಕುರುಡರು ಅಂದರೆ ತಪ್ಪಾಗುತ್ತದೆ. ಮಿಷಿಗನ್ ಕಡೆಯವರಿಗಂತೂ ಟ್ಯಾಟೂ ಜೋಕುಗಳ ಹಬ್ಬ.

ಆ ಹಬ್ಬ ಮುಂದೆ ಅವರ ಮನೆಗೇ ತಿರುಗಿತು. 2023ರಲ್ಲಿ ಮಿಷಿಗನ್‌ನ ಸಿಬ್ಬಂದಿಯೊಬ್ಬರು ಎದುರಾಳಿಗಳ ಪಂದ್ಯಗಳಿಗೆ ಟಿಕೆಟ್ ಕೊಂಡು ಜನ ಕಳಿಸಿ, ಮುಂದೆ ಏನು ಆಡಬೇಕೆಂದು ಕೋಚ್‌ಗಳು ಹುಡುಗರಿಗೆ ತಿಳಿಸುವ ಕೈಸನ್ನೆಗಳನ್ನು ವಿಡಿಯೊ ಮಾಡಿಸಿದ್ದು ಬಯಲಾಯಿತು. ಕೋಚ್ ಜಿಮ್ ಹಾರ್ಬಾ ಮೂರು ಪಂದ್ಯ ಹೊರಗೆ ಕೂತರು. ತಂಡ 15ಕ್ಕೆ 15 ಗೆದ್ದು ಚಾಂಪಿಯನ್ ಆಯಿತು. 2025ರ ಆಗಸ್ಟ್‌ನಲ್ಲಿ ದೊಡ್ಡ ದಂಡ ಬಿತ್ತು, ಹಾರ್ಬಾ ಮೇಲೆ ಹತ್ತು ವರ್ಷದ ನಿರ್ಬಂಧ ಬಂತು. ಗೆಲುವು ಮಾತ್ರ ಒಂದೂ ತೆರವಾಗಲಿಲ್ಲ. ಹಚ್ಚೆಗೆ 12 ಗೆಲುವು ಹೋಯಿತು, ಇದಕ್ಕೆ ಏನೂ ಇಲ್ಲವಾ ಎಂದು ಓಹಾಯೊದವರಿಗೆ ಹೊಟ್ಟೆ ಉರಿ. ವ್ಯತ್ಯಾಸ ಇಷ್ಟೇ: ಮಿಷಿಗನ್‌ನಲ್ಲಿ ಆಡಿದ ಹುಡುಗರ ಅರ್ಹತೆಗೆ ಧಕ್ಕೆ ಬಂದಿರಲಿಲ್ಲ. ನಿಯಮದ ದೃಷ್ಟಿಗೆ ಸರಿ ಇರಬಹುದು. ಆಟದ ಮೇಲೆ ಯಾವುದು ಜಾಸ್ತಿ ಪರಿಣಾಮ ಮಾಡಿತು ಎಂದು ಕೇಳಿದರೆ ನನ್ನ ಓಟು ಹಚ್ಚೆಗಂತೂ ಇಲ್ಲ.

ಇದರ ನಡುವೆ, 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು ಎಂದಾಯಿತು. ಓಹಾಯೊ ಸ್ಟೇಟ್‌ನ ಹಚ್ಚೆ ಪ್ರಕರಣದ ಆ ಐವರೂ ಒಟ್ಟಾಗಿ ನಮ್ಮ 12 ಗೆಲುವು ವಾಪಸ್ ಕೊಡಿ ಎಂದು ಕೇಳಿದರು. ಸಿಗಲಿಲ್ಲ.

ತೆರವಿನ ಜೊತೆಗೆ ಇನ್ನೊಂದು ಶಿಕ್ಷೆಯೂ ಇತ್ತು. 2012ರ ಋತುವಿನ ಕೊನೆಗೆ ಓಹಾಯೊ ಸ್ಟೇಟ್ ಯಾವ ದೊಡ್ಡ ಪಂದ್ಯಕ್ಕೂ ಹೋಗುವಂತಿರಲಿಲ್ಲ. ಆ ವರ್ಷವೇ ಹೊಸ ಕೋಚ್ ಅರ್ಬನ್ ಮೈಯರ್ ಕೈಯಲ್ಲಿ ತಂಡ ಒಂದೂ ಸೋಲದೆ ಓಡಿತು. ನವೆಂಬರ್ 24ರಂದು ಕೊನೆಯ ಪಂದ್ಯ, ಎದುರಿಗೆ ಮಿಷಿಗನ್. ಹತ್ತು ವರ್ಷದ ಹಿಂದೆ ಚಾಂಪಿಯನ್ ಆದ ತಂಡಕ್ಕೆ ಅಂದು ಮೈದಾನದಲ್ಲಿ ಸನ್ಮಾನ. ಹಳೆಯ ಆಟಗಾರರು ಟ್ರೆಸೆಲ್‌ರನ್ನು ಹೆಗಲ ಮೇಲೆ ಎತ್ತಿಕೊಂಡರು. ಇಡೀ ಸ್ಟೇಡಿಯಂ ಎದ್ದು ಕೂಗಿತು. ಅವರಿಂದಾಗಿಯೇ ಮುಂದಿನ ದಾರಿ ಮುಚ್ಚಿದ್ದ ಹುಡುಗರು ಅದೇ ಮೈದಾನದಲ್ಲಿ 26-21ರಲ್ಲಿ ಗೆದ್ದು, 12ಕ್ಕೆ 12 ಮುಗಿಸಿ ಮನೆಗೆ ಹೋದರು.

ಚಾಂಪಿಯನ್ ಪಂದ್ಯಕ್ಕೆ ಆ ಸಲ ಹೋದದ್ದು ಅಲಬಾಮಾ ಮತ್ತು ನೋಟರ್ ಡೇಮ್. ನೋಟರ್ ಡೇಮ್ 12 ಗೆದ್ದು ಬಂದಿತ್ತು, ಅಲ್ಲಿ ಅಲಬಾಮಾಗೆ ಸೋತಿತು. ಆಮೇಲೆ ಕೆಲವು ಆಟಗಾರರಿಗೆ ಪಾಠದ ಕೆಲಸವನ್ನು ಬೇರೆಯವರು ಮಾಡಿಕೊಟ್ಟಿದ್ದರು ಎಂದು ಹೊರಬಂದು ಎನ್‌ಸಿಎಎ ಶಿಕ್ಷೆ ಕೊಟ್ಟಿತು, 2018ರಲ್ಲಿ ಅವರ ಅಪೀಲೂ ಬಿದ್ದುಹೋಯಿತು. ಈಗ ಪುಸ್ತಕದಲ್ಲಿ ನೋಟರ್ ಡೇಮ್‌ನ 2012ರ ಸಾಲು ಹೀಗಿದೆ: ಗೆಲುವು 0, ಸೋಲು 1.