ಎರಡು ಸಲ ಹುಟ್ಟಿ ಮರೆಯಾದ ಟ್ಯಾಬರ್ಡ್

ಲಂಡನ್ನಿನ ಸದರ್ಕ್‌ನಲ್ಲಿ, ಬರೋ ಹೈ ಸ್ಟ್ರೀಟಿನ ಪಕ್ಕಕ್ಕೆ, ಟಾಲ್ಬಟ್ ಯಾರ್ಡ್ ಎಂಬ ಓಣಿಯಿದೆ. 2003ರಲ್ಲಿ ಹಾಕಿದ ನೀಲಿ ಫಲಕ ನೋಡದಿದ್ದರೆ, ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಛಾಸರನ ‘ಕ್ಯಾಂಟರ್‌ಬರಿ ಕಥೆಗಳ’ ಯಾತ್ರಿಕರು ಸೇರಿದ ಟ್ಯಾಬರ್ಡ್ ತಂಗುದಾಣ ಇಲ್ಲಿತ್ತೆಂದು ಊಹಿಸಲೂ ಆಗದು. ಅದನ್ನು 1873ರಲ್ಲಿ ಕೆಡವಿದರು ಎನ್ನುವುದು ವಾಡಿಕೆ. ಕೆಡವಿದ್ದು ಯಾವುದನ್ನು ಎಂಬಲ್ಲಿಂದ ಗೋಜಲು ಶುರುವಾಗುತ್ತದೆ.

ವಿಂಚೆಸ್ಟರಿನ ಹೈಡ್ ಮಠಾಧಿಪತಿ ಇಲ್ಲಿ ಜಾಗ ಕೊಂಡದ್ದು 1307ರಲ್ಲಿ. ಆಗ ಲಂಡನ್ನಿನಲ್ಲಿ ಥೇಮ್ಸ್ ನದಿಗೆ ಇದ್ದದ್ದು ಒಂದೇ ಸೇತುವೆ. ಅದರ ಹೆಬ್ಬಾಗಿಲು ರಾತ್ರಿ ಮುಚ್ಚುತ್ತಿತ್ತು. ಹೊತ್ತು ಮೀರಿ ಬಂದವರಿಗೂ ನಸುಕಿನಲ್ಲೇ ಹೊರಡುವವರಿಗೂ ಸೇತುವೆಯ ದಕ್ಷಿಣ ತುದಿಯ ಸದರ್ಕ್‌ನಲ್ಲಿ ತಂಗುವುದೇ ಅನುಕೂಲ. ಛಾಸರನ ಕೃತಿಯಲ್ಲಿ ಬರುವ ತಂಗುದಾಣದ ಮಾಲೀಕ ಹ್ಯಾರಿ ಬೇಲಿಯ ಹೆಸರೂ ಬರಿಯ ಕಲ್ಪನೆಯಲ್ಲ: ಆ ಹೆಸರಿನ ಸದರ್ಕ್‌ನ ಪ್ರತಿನಿಧಿಯೊಬ್ಬ ಸಂಸತ್ತಿನಲ್ಲಿದ್ದ. 1538ರಲ್ಲಿ ಹೈಡ್ ಮಠ ಮುಚ್ಚಿತು, ಅದೇ ವರ್ಷ ಕ್ಯಾಂಟರ್‌ಬರಿಯಲ್ಲಿ ಯಾತ್ರಿಕರು ದರ್ಶನಕ್ಕೆ ಹೋಗುತ್ತಿದ್ದ ಸಂತ ಥಾಮಸ್ ಬೆಕೆಟ್‌ನ ಸಮಾಧಿಯನ್ನೂ ಒಡೆದರು. ಒಡೆಯರೂ ಹೋದರು, ಯಾತ್ರಿಕರೂ ಹೋದರು. ತಂಗುದಾಣ ಮಾತ್ರ ಉಳಿಯಿತು.

1676ರ ಬೆಂಕಿ ಅದನ್ನು ಸುಟ್ಟುಹಾಕಿತು. ಮತ್ತೆ ಕಟ್ಟಿದಾಗ ಹೆಸರು ಟಾಲ್ಬಟ್ ಆಯಿತು. ಟ್ಯಾಬರ್ಡ್ ಎಂದರೆ ತೋಳಿಲ್ಲದ ಮೇಲಂಗಿ, ಟಾಲ್ಬಟ್ ಎಂದರೆ ಬೇಟೆನಾಯಿ. ಉಚ್ಚಾರದ ಹತ್ತಿರಿಕೆಯಲ್ಲಿ ಅರ್ಥವೇ ಬದಲಾಯಿತು. ಆದರೂ ಛಾಸರನ ಯಾತ್ರಿಕರು ತಂಗಿದ್ದು ಇಲ್ಲಿಯೇ ಎಂಬ ಬರಹ ಬೀದಿಗೆ ಅಡ್ಡಲಾಗಿದ್ದ ತೊಲೆಯ ಮೇಲೆ 1763ರವರೆಗೂ ಇತ್ತು. ಹೀಗಾಗಿ ಹೊಸ ಕಟ್ಟಡವನ್ನೇ ಜನ ಹಳೆಯದೆಂದು ನಂಬಿದರು.

ನನಗೆ ಹೆಚ್ಚು ಮನಸ್ಸು ಹೋಗುವುದು ಈ ಎರಡನೆಯ ಬಾಳಿನ ಮೇಲೆ. ಬೀದಿಯ ಕಮಾನಿನಡಿ ಸಾಗಿದರೆ ಒಳಗೆ ಅಂಗಳ, ಮಹಡಿಯಲ್ಲಿ ಮರದ ಕಂಬಗಳ ಪಡಸಾಲೆ, ಅದಕ್ಕೆ ತೆರೆದ ಕೋಣೆಗಳ ಬಾಗಿಲು, ಕೆಳಗೆ ಬಂಡಿಗಳ ಸಾಲು, ಕುದುರೆ ಲಾಯ. ಕೆಂಟ್ ಮತ್ತು ಸಸೆಕ್ಸ್ ಕಡೆಯ ಸರಕು, ಸುದ್ದಿ, ಜನ, ಎಲ್ಲವೂ ಇಂಥ ಅಂಗಳಗಳನ್ನು ಹಾದೇ ನಗರ ಸೇರುತ್ತಿದ್ದವು. ಛಾಸರ್ ಇದನ್ನು ಕಾಣಲಿಲ್ಲ ಎಂಬ ಕಾರಣಕ್ಕೆ ಇದು ಕಡಿಮೆ ಬೆಲೆಯದಾಗಲಿಲ್ಲ. ಸುಮಾರು ಇನ್ನೂರು ವರ್ಷ ದಣಿದವರಿಗೆ ಹಾಸಿಗೆ ಕೊಟ್ಟ ಮನೆ ಇದು.

1836ರಲ್ಲಿ ಲಂಡನ್ ಬ್ರಿಡ್ಜ್ ರೈಲು ನಿಲ್ದಾಣ ಕೂಗಳತೆಯಲ್ಲೇ ತೆರೆಯಿತು. ದೂರದೂರಿಗೆ ಸಂಜೆಯೊಳಗೆ ತಲುಪುವವನಿಗೆ ರಾತ್ರಿ ಕಳೆಯುವ ಕೋಣೆ ಏಕೆ? ಬೆಂಕಿ ಮಾಡಲಾರದ್ದನ್ನು ವೇಳಾಪಟ್ಟಿ ಮಾಡಿತು. ಬೇಡವಾದ ಅಂಗಳ 1873ರಲ್ಲಿ ನೆಲಸಮವಾಯಿತು.

ಅದೇ ಬೆಂಕಿಯ ನಂತರ ಎದ್ದ ನೆರೆಯ ಜಾರ್ಜ್ ತಂಗುದಾಣದ ಬಹುಭಾಗವೂ 1889ರಲ್ಲಿ ಹೋಯಿತು, ಒಂದು ಪಾರ್ಶ್ವ ಬಿಟ್ಟು. 1937ರಿಂದ ಅದು ಹಳೆಯ ಕಟ್ಟಡಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಸುಪರ್ದಿಯಲ್ಲಿದೆ. ಟಾಲ್ಬಟ್‌ನ ಪಡಸಾಲೆ ಹೇಗಿತ್ತೆಂದು ತಿಳಿಯಲು ಈಗ ಅಲ್ಲಿಗೇ ಹೋಗಬೇಕು. ನಾಲ್ಕು ಹೆಜ್ಜೆಯ ದೂರ.